ಒಂಬತ್ತು ಅಲಸಂದೆ

ಮೇ ಒಂಬತ್ತು, ನಡುರಾತ್ರಿ.
ಕುವೆಂಪು ನಗರದಲ್ಲಿ ಕರೆಂಟು ಹೋಗಿ ಒಂದು ಗಂಟೆಯಾಗಿತ್ತು.
ನಡುಮನೆಯಲ್ಲಿ ಬರಿಗಾಲಲ್ಲಿ ನಿಂತಿದ್ದೆ, ಜಡೆ ಬಿಚ್ಚಿ.
ಮೈಮೇಲೆ ಎಲ್ಲೂ ಗಂಟಿರಬಾರದು ಅಂದಿದ್ದರು ಇನಾಸ್ ಮಾಸ್ತರು.
ಗಂಟಿಲ್ಲದ ಉಡುಪು ಅಂದರೆ ನನ್ನಲ್ಲಿರುವುದು ನೈಟಿ.
ತಾಳಿಯ ತಂಟೆ ಆರು ವರ್ಷದಿಂದ ಇಲ್ಲ.

ಇಡೀ ಹಾಸನಕ್ಕೆ ನಾವು ನಾಲ್ಕೇ ಜನ ರೋಮನ್ನರು.
ಸೆಮಿನರಿ ಅರ್ಧಕ್ಕೆ ಬಿಟ್ಟು ಬಂದ ಮಾಸ್ತರು,
ಡಿಪೋದಲ್ಲಿ ಬಸ್ಸಿನ ಬ್ರೇಕು ನೋಡುವ ಧರಣೇಂದ್ರ,
ಪಿಯುಸಿಗೆ ಇತಿಹಾಸ ಹೇಳುವ ತೀರ್ಥೇಶ,
ಕನ್ನಡಕದಂಗಡಿಯ ನಾನು.
ಡಿಸೆಂಬರಿನಲ್ಲಿ ಯಜಮಾನರು ಆಳುಗಳ ಸೇವೆ ಮಾಡುವ ಹಬ್ಬ:
ಅಂಗಡಿಯ ಹುಡುಗ ಸುಹೇಲನಿಗೆ ನಾನೇ ಟೀ ತಂದುಕೊಟ್ಟೆ.
ಅವನು ಲೋಟ ಮುಟ್ಟದೆ ಕೇಳಿದ,
ಮೇಡಂ, ಕೆಲಸದಿಂದ ತೆಗೀತಿದ್ದೀರಾ?
ಟೋಗಾ ಅಂದರೆ ಎರಡು ಬಿಳಿ ಪಂಚೆ ಜೋಡಿಸಿ ಹೊಲಿದದ್ದು.
ಧರಣೇಂದ್ರ ಅದನ್ನು ಹೊದ್ದು ಮೆಟ್ಟಿಲು ಹತ್ತುವಾಗ
ಕೆಳಗಿನ ಮನೆಯ ಮಗು ಕೇಳಿತು,
ಅಂಕಲ್, ಯಾರು ಹೋಗ್ಬಿಟ್ರು?

ಇವತ್ತಿನದು ಗುಂಪಿನ ಹಬ್ಬವಲ್ಲ.
ಅವರವರ ಮನೆಯ ಸತ್ತವರನ್ನು ಅವರವರೇ ಅಟ್ಟಬೇಕು.
ಮನೆಯ ಯಜಮಾನ ಮಾಡುವ ಕೆಲಸ.
ಯಜಮಾನನೇ ಅಟ್ಟಬೇಕಾದವರ ಪಟ್ಟಿಯಲ್ಲಿದ್ದರೆ?
ಮಾಸ್ತರು ಪುಸ್ತಕ ತಿರುವಿದರು, ಗಡ್ಡ ಕೆರೆದರು,
ಹಾಗಾದರೆ ನೀವೇ ಯಜಮಾನ ಅಂದರು.
ರೇಷನ್ ಕಾರ್ಡಿನಲ್ಲಿ ಆಗಲೇ ಹಾಗೆ ಬರೆದಿತ್ತು.

ಕರಿಯ ಕಾಳು ಬೇಕು. ರೋಮಿನ ಕಾಳು ಕಟ್ಟಿನಕೆರೆ ಮಾರುಕಟ್ಟೆಯಲ್ಲೆಲ್ಲಿ?
ಹುರುಳಿ ತೀರಾ ಚಿಕ್ಕದು.
ಅವರೆಯನ್ನು ದೆವ್ವಕ್ಕೆ ಎಸೆಯಲು ಧರಣೇಂದ್ರ ಸುತರಾಂ ಒಪ್ಪಲಿಲ್ಲ.
ಕೊನೆಗೆ ಕರಿ ಅಲಸಂದೆ, ಕಾಲು ಕೇಜಿ.
ಏನಕ್ಕಾ, ಬಸ್ಸಾರಾ? ಅಂದಳು ಪುಟ್ಟಲಿಂಗಮ್ಮ ತೂಗುತ್ತಾ.
ಹೂಂ ಅಂದೆ.

ಮೂರು ಸಲ ಕೈ ತೊಳೆದು ಒಂಬತ್ತು ಕಾಳು ಬಾಯಿಗೆ ಹಾಕಿಕೊಂಡೆ.
ಒಂದೊಂದೇ ತೆಗೆದು ಹಿಂದಕ್ಕೆ ಎಸೆಯಬೇಕು, ತಿರುಗಿ ನೋಡಬಾರದು.
ಹೆಕ್ಕಿಕೊಳ್ಳಲು ಬರುತ್ತಾರಂತೆ.
ತಗೊಳ್ಳಿ, ನಮ್ಮನ್ನು ಬಿಡಿ, ಅನ್ನಬೇಕು.
ಲ್ಯಾಟಿನ್ನಿನಲ್ಲಿ ಬಾಯಿಪಾಠ ಮಾಡಿದ್ದೆ. ಆದರೆ ನಮ್ಮತ್ತೆಗೆ
ಕನ್ನಡದಲ್ಲಿ ಕೂಗಿದರೇ ಕೇಳಿಸುತ್ತಿರಲಿಲ್ಲ.

ಮೊದಲನೆಯದು ಅವರಿಗೆ. ಕಡಲೆಬೀಜ ಎಣಿಸಿ ಕೊಟ್ಟವರು, ಎಣಿಸಿಕೊಳ್ಳಲಿ.
ಎರಡನೆಯದು ಮಾವನಿಗೆ. ಪಾಪ, ಹಲ್ಲಿರಲಿಲ್ಲ,
ಬೇಯಿಸಿ ಕೊಡಬೇಕಿತ್ತೇನೋ.
ಮೂರು, ನಾಲ್ಕು, ಐದು: ಊರಿಗೆ ಸ್ಟುಡಿಯೋ ಬರುವ ಮುಂಚೆಯೇ ಸತ್ತು
ಮುಖ ಉಳಿಸದೆ ಹೋದವರು.
ಆರನೆಯದಕ್ಕೆ ಮಂಗಳೂರು ಕಡೆಯ ರೈಲು ಕೂಗಿತು.
ಏಳು. ಕಾಳು ಬಾಯಲ್ಲೇ ನೆನೆದು ಸಿಪ್ಪೆ ಬಿಡುತ್ತಿತ್ತು.
ಎಂಟು.

ಪಿತೃಪಕ್ಷದಲ್ಲಿ ಎಡೆಯಿಟ್ಟು ಕಾಗೆ ಕರೆಯುತ್ತೇವಲ್ಲ ಮಾಸ್ತರೇ,
ಮೇ ತಿಂಗಳಲ್ಲಿ ಅಟ್ಟಿಸಿಕೊಂಡವರು ಆಗ ಯಾವ ಮುಖ ಹೊತ್ತು ಬಂದಾರು?
ಅವರೂ ಅಷ್ಟೇ, ಅಂದಿದ್ದರು, ಫೆಬ್ರವರಿಯಲ್ಲಿ ಉಣಿಸಿ
ಮೇನಲ್ಲಿ ಓಡಿಸುತ್ತಿದ್ದರು.
ನೆಂಟರ ವಿಷಯವೂ ಹಾಗೇ ತಾನೆ.

ಒಂಬತ್ತನೆಯದನ್ನು ನಾಲಿಗೆಯಡಿ ಇಟ್ಟುಕೊಂಡೇ
ಅತ್ತೆಯದೇ ಕಂಚಿನ ತಟ್ಟೆ ತಗೊಂಡು ಸೌಟಿನಿಂದ ಬಡಿದೆ.
ಹಿರಿಯರೇ, ಹೊರಡಿ. ಹಿರಿಯರೇ, ಹೊರಡಿ.
ಮೂರನೆಯ ಸಲಕ್ಕೆ ಎದುರುಮನೆಯ ನಾಯಿ.
ನಾಲ್ಕಕ್ಕೆ ಮಹಡಿಯಿಂದ ವನಮಾಲಮ್ಮ,
ಏನ್ರೀ, ಮತ್ತೆ ಕೊರೊನಾ ಬಂತಾ?
ನಗು ಬಂತು. ಕಾಳು ಜಾರಿ ಗಂಟಲಿಗಿಳಿಯಿತು.

ಉಳಿದ ಐದು ಸಲ ಮೆಲ್ಲಗೆ ಬಡಿದು ಮುಗಿಸಿ
ಕತ್ತಲಲ್ಲೇ ಅಡುಗೆಮನೆಗೆ ಹೋಗಿ
ಗ್ಯಾಸಿನ ಗುಂಡಿ ತಿರುಗಿಸಿ ನೋಡಿದೆ, ಆಫ್ ಇತ್ತು.
ಬಾಗಿಲವರೆಗೆ ಬಂದವಳು ಹಿಂದಿರುಗಿ
ಇನ್ನೊಂದು ಸಲ ನೋಡಿದೆ.
ಎರಡೆರಡು ಸಲ ನೋಡುವುದು ನನ್ನ ಅಭ್ಯಾಸವಲ್ಲ.
ಅವರದು.

ಬೆಳಿಗ್ಗೆ ಗುಡಿಸಿದಾಗ ಆರು ಕಾಳು ಸಿಕ್ಕವು.
ಫ್ರಿಜ್ಜಿನ ಅಡಿ ಬಗ್ಗಿ ನೋಡಲಿಲ್ಲ.
ಪೊಟ್ಟಣದಲ್ಲಿ ಉಳಿದದ್ದಕ್ಕೆ ದಂಟಿನ ಸೊಪ್ಪು ಹಾಕಿ ಬಸ್ಸಾರು ಮಾಡಿದೆ.
ಪುಟ್ಟಲಿಂಗಮ್ಮನಿಗೆ ಸುಳ್ಳು ಹೇಳಿದಂತೆ ಆಗಬಾರದಲ್ಲ.